ಕೆಂಪಿ ಹಾಕಿದ ಇಡೀ ಬೀಜ

ಪದ್ಮಜಾ ಅವರ ಮನೆಯಲ್ಲಿ ಎರಡು ಒಲೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಗ್ಯಾರೇಜಿನಲ್ಲಿ. ಕಾಳಮ್ಮನಿಗೆ ಪರಿಚಯವಿದ್ದದ್ದು ಗ್ಯಾರೇಜಿನದು ಮಾತ್ರ.

“ಎಣ್ಣೆ ವಾಸನೆ ಒಳಗೆ ಕೂತ್ರೆ ಹೋಗಲ್ಲ ಕಣ್ರೀ. ಕಾರ್ಪೆಟ್ ನೋಡಿ,” ಎಂದು ಪದ್ಮಜಾ ಮೊದಲ ದಿನವೇ ಹೇಳಿದ್ದರು. ಕಾಳಮ್ಮ ಒಪ್ಪಿಕೊಂಡಿದ್ದಳು. ಒಬ್ಬಟ್ಟು ಬೇಯಿಸಿದರೆ ಬರುವುದು ವಾಸನೆಯಲ್ಲ, ಘಮ ಎನ್ನಬಹುದಿತ್ತು. ಆದರೆ ಒಲೆ ಕೊಟ್ಟವರ ಹತ್ತಿರ ವಾದ ಮಾಡಬಾರದು ಎಂಬುದು ಅವಳ ಅನುಭವ.

ಅಮೆರಿಕದ ಮಿಶಿಗನ್ ರಾಜ್ಯದ ನಾರ್ತ್‌ವಿಲ್‌ನಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಗ್ಯಾರೇಜಿನ ಸಿಮೆಂಟು ನೆಲ ಮಂಜುಗಡ್ಡೆಯಾಗುತ್ತದೆ. ಹೊಗೆ ಹೋಗಲೆಂದು ದೊಡ್ಡ ಬಾಗಿಲನ್ನು ಮೊಳದಷ್ಟು ಎತ್ತಿಡಬೇಕು. ಆ ಸಂದಿಯಿಂದ ನುಗ್ಗುವ ಗಾಳಿ ಮೊದಲು ಹಿಡಿಯುವುದು ಪಾದವನ್ನು. ಮುಖ ಒಲೆಗೆ ಬೇಯುತ್ತದೆ, ಹಿಮ್ಮಡಿ ಚಳಿಗೆ ಬಿರಿಯುತ್ತದೆ. ಕಣಕ ನಾದಿ ನಾದಿ ಭುಜ ಕಳಚಿ ಬೀಳುವಂತಾದರೆ ಕಾಳಮ್ಮ ಕಾರು ನಿಲ್ಲುವ ಜಾಗದಲ್ಲಿ ಎರಡು ಸುತ್ತು ನಡೆದು ಬಂದು ಮತ್ತೆ ನಾದುತ್ತಿದ್ದಳು. ಆ ಕಾರಿಗೆ ಅವಳಿಗಿಂತ ಬೆಚ್ಚಗಿನ ಸೀಟು ಇತ್ತು.

ಪದ್ಮಜಾ ಅಲ್ಲಿನ ಕನ್ನಡ ಬಳಗದ ಊಟದ ಉಸ್ತುವಾರಿ. ಅವರ ಗಂಡ ಪದ್ಮನಾಭ, ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಬಳಗದ ಪುಸ್ತಕದ ಉಸ್ತುವಾರಿ. ರಾಜ್ಯೋತ್ಸವದ ದಿನ ಬಳಗಕ್ಕೆಲ್ಲ ಒಬ್ಬಟ್ಟು ಮಾಡುವವಳು ಕಾಳಮ್ಮ. ವಾರದ ದಿನಗಳಲ್ಲಿ ಅವಳು ಸೌತ್‌ಫೀಲ್ಡಿನ ಒಂದು ಕೇಟರಿಂಗ್ ಅಡುಗೆಮನೆಯಲ್ಲಿ ಚಪಾತಿ ಒತ್ತುತ್ತಿದ್ದಳು. ಮಗಳು ಲಾವಣ್ಯಳಿಗೂ ಸೌತ್‌ಫೀಲ್ಡಿನಲ್ಲೇ ಕೆಲಸ, ಇನ್ನೂ ಎತ್ತರದ ಕಟ್ಟಡದಲ್ಲಿ, ಕಂಪ್ಯೂಟರ್ ಮುಂದೆ.

ಬಳಗದಲ್ಲಿ ಕಾಳಮ್ಮನ ಹೆಸರು ಕಲಾ. ಅದು ಲಾವಣ್ಯ ಇಟ್ಟದ್ದು. “ಇಲ್ಲಿ ಎಲ್ರೂ ಹೆಸರು ಶಾರ್ಟ್ ಮಾಡ್ಕೋತಾರಮ್ಮ,” ಎಂದಿದ್ದಳು. ಅವರ ಗೋತ್ರ ಕಾಶ್ಯಪ. ಅದು ದೇವಸ್ಥಾನದ ಭಟ್ಟರು ಕೊಟ್ಟದ್ದು. ಅರ್ಚನೆಗೆ ನಿಂತಾಗ ಗೋತ್ರ ಗೊತ್ತಿಲ್ಲ ಎಂದವರೆಲ್ಲ ಕಾಶ್ಯಪ ಅನ್ನಬಹುದು, ಶಾಸ್ತ್ರ ಒಪ್ಪುತ್ತದೆ ಎಂದಿದ್ದರು. ಲಾವಣ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೀಗೆ ಅರವತ್ತು ದಾಟಿದ ಮೇಲೆ ಕಾಳಮ್ಮನಿಗೆ ಒಂದು ಹೊಸ ಹೆಸರೂ ಒಬ್ಬ ಋಷಿಯೂ ಸಿಕ್ಕಿದ್ದರು. ಇಬ್ಬರಲ್ಲಿ ಒಬ್ಬರೂ ಕಣಕ ನಾದಲು ಬರಲಿಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ಪದ್ಮನಾಭ ‘ನಮ್ಮ ಬೇರು’ ಎಂಬ ಪುಸ್ತಕ ತರಲು ಹೊರಟಿದ್ದರು. ಸಂಸಾರಕ್ಕೊಂದು ಪುಟ. ಮೂಲ ಊರು, ಹಿರಿಯರು, ಅವರು ಮಾಡಿದ ಸಾಧನೆ. ಮಾದರಿಗೆಂದು ಮೊದಲು ತಮ್ಮದೇ ಪುಟವನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಲಾವಣ್ಯ ಅದನ್ನು ಅಮ್ಮನಿಗೆ ತೋರಿಸಿದಳು. ಕಾಳಮ್ಮನದು ನಾಲ್ಕನೇ ಕ್ಲಾಸಿನ ಓದು. ಬೆರಳಿಟ್ಟು ಓದಿದಳು.

‘ನಮ್ಮ ಮೂಲ ತುಮಕೂರು ಸೀಮೆಯ ಹೊನ್ನಾಲದಹಳ್ಳಿ. ನನ್ನ ಮುತ್ತಜ್ಜ ಶಾನುಭೋಗ ನರಸಪ್ಪನವರು ಸಾವಿರದ ಒಂಬೈನೂರ ಹನ್ನೊಂದರ ಜನಗಣತಿಯಲ್ಲಿ ಒಂದು ಮನೆಯನ್ನೂ ಬಿಡದೆ ಊರನ್ನು ಎಣಿಸಿ ಸರ್ಕಾರದಿಂದ ಶಾಲು ಪಡೆದವರು.’

ಕಾಳಮ್ಮನ ಬೆರಳು ನಿಂತಿತು.

“ಲೇ ಲಾವಣ್ಯ, ಇವ್ರು ನಮ್ಮೂರ ಶಾನುಭೋಗ್ರ ಮನೆಯೋರು ಕಣೇ!”

ಲಾವಣ್ಯ ಫೋನು ಕಿತ್ತುಕೊಂಡಳು. “ಅಮ್ಮಾ, ಯಾರಿಗೂ ಹೇಳ್ಬೇಡ.”

“ಊರು ಒಂದೇ ಅಂದ್ರೆ ಏನಾಯ್ತದೆ?”

“ಇವತ್ತು ಊರು ಯಾವುದು ಅಂತಾರೆ. ನಾಳೆ ಯಾವ ಬೀದಿ ಅಂತಾರೆ. ನಮ್ ಟೀಮ್ ಲೀಡ್ ಭಾನುಪ್ರಿಯಾನೂ ಬಳಗದಲ್ಲಿದಾಳೆ. ನನ್ ಗ್ರೀನ್ ಕಾರ್ಡ್ ಬಂದಿರ್ಬೋದು, ಪ್ರೊಮೋಷನ್ ಅವಳ ಕೈಲಿದೆ. ಪ್ಲೀಸ್ ಅಮ್ಮ.”

ಕಾಳಮ್ಮ ಅಡುಗೆಗೆ ಎದ್ದಳು. ಆದರೆ ಆ ಜನಗಣತಿಯ ಕಥೆ ಅವಳಿಗೆ ಪದ್ಮನಾಭರಿಗಿಂತ ಮೊದಲೇ ಗೊತ್ತಿತ್ತು. ಅಜ್ಜಿ ಹೇಳಿದ್ದಳು. ಅಜ್ಜಿಗೆ ಅವಳ ತಾಯಿ ಕೆಂಪಿ ಹೇಳಿದ್ದಳು.

ಶಾನುಭೋಗರು ಹೊಲಗೇರಿಯನ್ನೂ ಎಣಿಸಿದ್ದು ನಿಜ. ಒಳಗೆ ಬಂದು ಎಣಿಸಲಿಲ್ಲ, ಅಷ್ಟೆ. ಕೇರಿಯ ಆಚೆ ಹುಣಸೆಮರದ ಬುಡದಲ್ಲಿ, ಗಾಳಿ ಕೇರಿಯ ಕಡೆಗೆ ಬೀಸುವ ದಿಕ್ಕು ನೋಡಿ ಕೂತರು. ಕೇರಿಯ ಗಡಿಯಲ್ಲಿ ಒಂದು ಮೊರ ಇಡಿಸಿದರು. ಮನೆಮನೆಯವರೂ ಬಂದು ತಲೆಗೊಂದು ಹುಣಸೆಬೀಜ ಹಾಕಿ ಹೋಗಬೇಕು. ಗಂಡಸಿಗೆ ಇಡೀ ಬೀಜ. ಹೆಂಗಸಿಗೆ ಒಡೆದ ಬೀಜ. ತೋಟಿ ಮೊರ ಮುಟ್ಟದೆ ನಿಂತಲ್ಲಿಂದಲೇ ಎಣಿಸಿ ಕೂಗಿದ. ಶಾನುಭೋಗರು ಬರೆದುಕೊಂಡರು. ಹೆಸರು ಯಾರೂ ಕೇಳಲಿಲ್ಲ. ಬೀಜಕ್ಕೇನು ಹೆಸರು?

ಕೆಂಪಿಗೆ ಆಗ ಇಪ್ಪತ್ತರ ವಯಸ್ಸು. ಸತ್ತ ಎಮ್ಮೆಯನ್ನು ಗಂಡನ ಜೊತೆ ಬೊಂಬಿಗೆ ಹೆಗಲು ಕೊಟ್ಟು ಹೊತ್ತು ತರುತ್ತಿದ್ದವಳು. ಹೆಗಲು ಇಬ್ಬರದೂ ಒಂದೇ ಥರ ಕಿತ್ತು ಹೋಗಿತ್ತು. ಅವಳು ಮೊರದ ಹತ್ತಿರ ಬಂದು, ಎಲ್ಲರೂ ನೋಡುತ್ತಿದ್ದಂತೆ, ತನ್ನ ಪಾಲಿಗೂ ಒಂದು ಇಡೀ ಬೀಜ ಹಾಕಿದಳು.

“ಒಡೆದದ್ದು ಹಾಕೇ,” ಎಂದ ತೋಟಿ.

“ನಾನೇನ್ ಒಡೆದ್ ಹೋಗಿದೀನಾ?” ಎಂದಳು ಕೆಂಪಿ.

ಶಾನುಭೋಗರಿಗೆ ಕೇಳಿಸಿತು. ಕೈಯಿಂದ ಹೊಡೆದರೆ ಮೈಲಿಗೆ. ಕೋಲಿನಿಂದ ಹೊಡೆದರೂ ಕೋಲು ಮೈಲಿಗೆ. ಅದಕ್ಕೆ ಕಲ್ಲು ಹೊಡೆದರು. ಕಲ್ಲನ್ನು ವಾಪಸು ತರಬೇಕಾಗಿಲ್ಲ. ಕೆಂಪಿಯ ಎಡ ಹುಬ್ಬು ಸೀಳಿತು. ಅವಳು ಬೀಜ ಮಾತ್ರ ತೆಗೆಯಲಿಲ್ಲ. ತೆಗೆಸಲು ಯಾರಾದರೂ ಮೊರ ಮುಟ್ಟಬೇಕಿತ್ತಲ್ಲ. ಹೀಗಾಗಿ ಮೈಸೂರು ಸರ್ಕಾರದ ಲೆಕ್ಕದಲ್ಲಿ ಹೊನ್ನಾಲದಹಳ್ಳಿಯಲ್ಲಿ ಒಬ್ಬ ಗಂಡಸು ಹೆಚ್ಚು. ಶಾನುಭೋಗರಿಗೆ ಶಾಲು.

ಎರಡು ದಿನ ಕಾಳಮ್ಮ ಯೋಚಿಸಿದಳು. ಎಣಿಸಿದವನ ಪುಟ ಪುಸ್ತಕದಲ್ಲಿ ಬರುವುದಾದರೆ ಎಣಿಸಿಕೊಂಡವಳ ಪುಟವೂ ಬರಬೇಕು. ಅವಳ ತಲೆಯಲ್ಲಿ ಕೂತದ್ದು ಇಷ್ಟೇ. ಒಮ್ಮೆ ಕೂತ ಮೇಲೆ ಅದು ಏಳಲಿಲ್ಲ. ಶನಿವಾರ ಗ್ಯಾರೇಜಿನಲ್ಲಿ ಬೇಳೆ ಆರಿಸುತ್ತಿದ್ದಾಗ ಪದ್ಮನಾಭ ಕಸದ ಡಬ್ಬಿ ಎಳೆಯಲು ಬಂದರು. ಊರಲ್ಲಾಗಿದ್ದರೆ ಅವರನ್ನು ‘ಬುದ್ಧೀ’ ಎಂದು ಕರೆಯಬೇಕಿತ್ತು. ಇಲ್ಲಿ ‘ಸಾರ್’ ನಡೆಯುತ್ತದೆ.

“ಸಾರ್, ನಂದೂ ಹೊನ್ನಾಲದಹಳ್ಳೀನೇ,” ಎಂದಳು. ಮೊರ, ಬೀಜ, ಕಲ್ಲು ಎಲ್ಲ ಹೇಳಿದಳು.

ಪದ್ಮನಾಭ ಕಸದ ಡಬ್ಬಿ ಬಿಟ್ಟು ನಿಂತರು. ಯಾವ ಬೀದಿ ಎಂದು ಕೇಳಲಿಲ್ಲ. ಮುಖದಲ್ಲಿ ಆಶ್ಚರ್ಯವೂ ಕಾಣಲಿಲ್ಲ. ಕಾಳಮ್ಮನಿಗೆ ಅದೇ ಆಶ್ಚರ್ಯವಾಯಿತು.

“ಇಂಟರೆಸ್ಟಿಂಗ್, ವೆರಿ ಇಂಟರೆಸ್ಟಿಂಗ್ ಕಲಾ ಅವರೇ. ಆದ್ರೆ ನೋಡಿ, ನಂದೊಂದು ರೂಲ್ ಇದೆ. ರೆಕಾರ್ಡ್ ಇಲ್ದೆ ಒಂದು ಲೈನೂ ಹಾಕಲ್ಲ. ಅಜ್ಜಿ ಹೇಳಿದ್ರು ಅಂದ್ರೆ ಅದು ಕಥೆ. ಹಿಸ್ಟರಿ ಅಲ್ಲ.”

“ನಿಮ್ ಮುತ್ತಾತ ಒಂದ್ ಮನೇನೂ ಬಿಡ್ಲಿಲ್ಲ ಅನ್ನಾದಕ್ಕೆ?”

“ಶಾಲ್ ಇದೆಯಲ್ಲ!” ಎಂದರು ಪದ್ಮನಾಭ, ಮಗುವಿಗೆ ಹೇಳುವಂತೆ. “ನಿಮ್ ಮುತ್ತಜ್ಜಿ ಹೆಸರಿಗೆ ಒಂದು ರೆಕಾರ್ಡ್ ತನ್ನಿ. ಪುಟ ನಾನ್ ಹಾಕ್ತೀನಿ. ಪ್ರಾಮಿಸ್.”

ಚಪಾತಿ ಅಡುಗೆಮನೆಯಲ್ಲಿ ಪ್ಯಾಕಿಂಗ್ ಮಾಡುವವಳು ಡೋರತಿ. ಡೆಟ್ರಾಯಿಟಿನ ಕಪ್ಪು ಹೆಂಗಸು, ಕಾಳಮ್ಮನ ವಯಸ್ಸಿನವಳೇ. ಕಾಳಮ್ಮನ ಇಂಗ್ಲಿಷಿನಲ್ಲಿ ಹತ್ತಿಪ್ಪತ್ತು ಮಾತುಗಳಿದ್ದವು. ಡೋರತಿಗೆ ಅಷ್ಟು ಸಾಕಾಗುತ್ತಿತ್ತು. ಆ ದೇಶದಲ್ಲಿ ಕಾಳಮ್ಮನನ್ನು ಕಾಳಮ್ಮ ಎಂದೇ ಕರೆಯುತ್ತಿದ್ದವಳು ಅವಳೊಬ್ಬಳು.

ರೆಕಾರ್ಡ್, ಅಜ್ಜಿಯ ತಾಯಿ, ಹೆಸರು ಎಂದು ಕಾಳಮ್ಮ ಕೈಸನ್ನೆ ಸೇರಿಸಿ ಹೇಳಿದಳು. ಡೋರತಿ ತಲೆಗವಸು ಬಿಚ್ಚುತ್ತಾ, “ಶನಿವಾರ ಮಧ್ಯಾಹ್ನ ನಮ್ ಚರ್ಚಿಗೆ ಬಾ,” ಎಂದಳು.

ಅದು ಡೆಟ್ರಾಯಿಟಿನ ಹಳೇ ಇಟ್ಟಿಗೆ ಚರ್ಚು. ಕೆಳಗಿನ ನೆಲಮಾಳಿಗೆಯಲ್ಲಿ ಉದ್ದ ಮೇಜು, ನಾಲ್ಕಾರು ಕಂಪ್ಯೂಟರು, ಒಂದು ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ. ವಯಸ್ಸಾದವರು ಕೂತು ತಮ್ಮ ತಮ್ಮ ಸತ್ತವರನ್ನು ಹುಡುಕುತ್ತಿದ್ದರು. ಲಾವಣ್ಯ ಅಮ್ಮನನ್ನು ಬಾಗಿಲಲ್ಲಿ ಇಳಿಸಿ ಕಾರಿನಲ್ಲೇ ಹೀಟರ್ ಹಾಕಿಕೊಂಡು ಕೂತಳು.

ಡೋರತಿ ಮೊದಲು ತನ್ನವರನ್ನು ತೋರಿಸಿದಳು. ಗುಲಾಮಗಿರಿಯ ಕಾಲದ ಜನಗಣತಿಯ ಹಾಳೆ. ಮೇಲೆ ಯಜಮಾನನ ಪೂರ್ತಿ ಹೆಸರು, ಚೆಂದದ ಅಕ್ಷರ. ಕೆಳಗೆ ಸಾಲಾಗಿ ಹೆಣ್ಣು, ಮೂವತ್ತನಾಲ್ಕು, ಕಪ್ಪು. ಗಂಡು, ಹನ್ನೆರಡು, ಕಪ್ಪು. ಹೆಣ್ಣು, ಒಂದು, ಕಪ್ಪು. ಹೆಸರಿನ ಜಾಗವೇ ಇಲ್ಲ.

“ಇವ್ರಲ್ಲಿ ನಿಮ್ಮೋಳು ಯಾರು?”

“ಮೂವತ್ತನಾಲ್ಕು ಇರ್ಬೇಕು,” ಎಂದಳು ಡೋರತಿ. “ಮಗು ಅವಳದ್ದೇ ಅನ್ಕೊಂಡಿದೀನಿ.”

ಕಾಳಮ್ಮ ಹಾಳೆಯನ್ನೇ ನೋಡಿದಳು. “ಇದೂ ಬೀಜದ ಲೆಕ್ಕಾನೇ,” ಎಂದಳು ಕನ್ನಡದಲ್ಲಿ. ಡೋರತಿ ಅರ್ಥ ಕೇಳಲಿಲ್ಲ. ಬೆನ್ನು ತಟ್ಟಿ ಕಾಫಿ ಕೊಟ್ಟಳು.

ಸರ್ಕಾರ ಬರೆಯದ ಹೆಸರು ಡೋರತಿಗೆ ಸಿಕ್ಕಿದ್ದು ಚರ್ಚಿನ ಪುಸ್ತಕದಲ್ಲಿ. ಗುಲಾಮಗಿರಿ ಹೋದ ಮೇಲೆ ಕಪ್ಪು ಜನ ತಾವೇ ಕಟ್ಟಿಕೊಂಡ ಚರ್ಚು. ಆ ಹೆಂಗಸು ಅಲ್ಲಿ ಬಂದು ತನ್ನ ಹೆಸರು ತಾನೇ ಹೇಳಿ ಬರೆಸಿದ್ದಳು. ಅದನ್ನು ಕೇಳಿದ್ದೇ ಕಾಳಮ್ಮ ಲೋಟ ಕೆಳಗಿಟ್ಟಳು. ಕೆಂಪಿಯೂ ಚರ್ಚಿಗೆ ಹೋಗಿದ್ದಳು. ತುಮಕೂರಿನ ಕಡೆಯ ಮಿಷನ್ ಪಾದ್ರಿಗಳ ಹತ್ತಿರ ಹೋಗಿ ತಲೆಗೆ ನೀರು ಹಾಕಿಸಿಕೊಂಡಿದ್ದಳು. ಕಾಳಮ್ಮ ಹೊರಗೆ ಹೋಗಿ ಲಾವಣ್ಯಳ ಕಾರಿನ ಗಾಜು ಬಡಿದಳು.

“ನಾವು ಕ್ರಿಶ್ಚಿಯನ್ ಆಗಿದ್ವಾ?” ಲಾವಣ್ಯ ಗಾಬರಿಯಾದಳು. “ಇದನ್ನ ಯಾಕೆ ಯಾವತ್ತೂ ಹೇಳಿಲ್ಲ?”

“ಸ್ವಲ್ಪ ದಿನ ಕಣೇ. ಚರ್ಚಲ್ಲಿ ಬಾವಿ ಇತ್ತು. ನಮ್ಮೋರ್ನ ಸೇದಕ್ಕೆ ಬಿಡ್ತಿದ್ರು. ಹೋದ್ರು. ಬಾವಿ ಬತ್ತೋಯ್ತು. ವಾಪಸ್ ಬಂದ್ರು. ಒಳಗ್ ಬಾ, ಇಂಗ್ಲಿಷ್ ಓದೋರು ಬೇಕು.”

ಮಿಷನ್ನಿನವರು ತಮ್ಮ ದೀಕ್ಷಾಸ್ನಾನದ ಪುಸ್ತಕಗಳ ನಕಲನ್ನು ಅವರ ದೇಶಕ್ಕೆ ಕಳಿಸಿದ್ದರು. ಅವುಗಳ ಫೋಟೋ ಈಗ ಕಂಪ್ಯೂಟರಿನಲ್ಲಿ ಸಿಗುತ್ತಿತ್ತು. ಪಾದ್ರಿಯ ಕೈಬರಹ ಜೇಡ ಓಡಿದಂತೆ. ಆ ಇಂಗ್ಲಿಷಿನೊಳಗೆ ಅಡಗಿದ ಕನ್ನಡ ಹೆಸರು ಡೋರತಿಗೆ ಗೊತ್ತಾಗುವುದಿಲ್ಲ. ಕಾಳಮ್ಮನಿಗೆ ಇಂಗ್ಲಿಷ್ ಅಕ್ಷರ ಗೊತ್ತಾಗುವುದಿಲ್ಲ. ಲಾವಣ್ಯಳೇ ಕೂರಬೇಕಾಯಿತು. ಮೊದಲ ಶನಿವಾರ ಕೋಟು ಬಿಚ್ಚದೆ ಕೂತಳು. ಮುಂದಿನ ಶನಿವಾರ ಬಿಚ್ಚಿದಳು. ಮೂರನೆಯ ಶನಿವಾರ ಅಮ್ಮನಿಗಿಂತ ಮೊದಲು ಅವಳೇ ಕಾರಿನ ಕೀ ಹುಡುಕಿದಳು. ಆ ದಿನ ಕೆಂಪಿ ಸಿಕ್ಕಳು.

ಲಾವಣ್ಯ ಗೆರೆ ಹಾಕಿದ ಮನೆಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದಳು. “ಕೆಂಪಿ. ಹೊಸ ಹೆಸರು ರೂತ್. ವಯಸ್ಸು ಸುಮಾರು ಇಪ್ಪತ್ತೆರಡು. ಗಂಡ ಹನುಮ. ಊರು ಹೊನ್ನಾಲದಹಳ್ಳಿ. ಕೆಲಸ, ಸತ್ತ ದನ ಸಾಗಿಸೋದು.”

“ಮಧ್ಯ ಒಂದ್ ಬಿಟ್ಟೆ.”

“ಏನಿಲ್ಲ ಬಿಡಮ್ಮ.”

“ನಂಗೆ ಇಂಗ್ಲಿಷ್ ಓದಕ್ ಬರಲ್ಲ, ಎಣಿಸಕ್ ಬತ್ತದೆ. ಒಂದ್ ಮನೆ ಬಿಟ್ಟೆ. ಓದು.”

ಲಾವಣ್ಯ ಆಚೀಚೆ ನೋಡಿದಳು. ಕನ್ನಡ ಬಲ್ಲವರು ಆ ನೆಲಮಾಳಿಗೆಯಲ್ಲಿ ಇನ್ನಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದಳು. “ಜಾತಿ, ಹೊಲೆಯ.”

“ಹಂಗಂದ್ರೇನು?” ಎಂದಳು ಡೋರತಿ, ಪರದೆಯ ಮೇಲಿನ ಆ ಪದಕ್ಕೆ ಬೆರಳಿಟ್ಟು.

“ಅದೊಂದು... ಕಮ್ಯುನಿಟಿ,” ಎಂದಳು ಲಾವಣ್ಯ ಇಂಗ್ಲಿಷಿನಲ್ಲಿ.

ಡೋರತಿ ಕನ್ನಡಕದ ಮೇಲಿನಿಂದ ಅವಳನ್ನು ಒಂದು ಗಳಿಗೆ ನೋಡಿದಳು. ಅಂಥ ಉತ್ತರವನ್ನು ಅವಳು ಬೇರೆಯವರ ಬಾಯಲ್ಲೂ ಕೇಳಿದ್ದಳೇನೋ. ಪ್ರಿಂಟ್ ಒತ್ತಿದಳು.

ಪದ್ಮನಾಭ ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿದರು. ಕಾಳಮ್ಮ ತಾನು ಬರೆದ ಪುಟವನ್ನೂ ಕೊಟ್ಟಳು. ದೊಡ್ಡ ದೊಡ್ಡ ಅಕ್ಷರದಲ್ಲಿ ಒಂದೇ ಪುಟ. ಮಾತು ಕೊಟ್ಟಿದ್ದರಲ್ಲ, ತೆಗೆದುಕೊಂಡರು.

ಭಾನುವಾರ ರಾಜ್ಯೋತ್ಸವ. ಶುಕ್ರವಾರ ಬೆಳಿಗ್ಗೆಯಿಂದ ಕಾಳಮ್ಮ ಗ್ಯಾರೇಜಿನಲ್ಲಿ ನಿಂತಿದ್ದಳು. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ಕುದಿಸಿ, ಗ್ರೈಂಡರಿಗೆ ಹಾಕಿ ಹೂರಣ ಮಾಡಿ ಮುಗಿಸುವಾಗ ಮಧ್ಯಾಹ್ನ. ಕೈ ಮೊಣಕೈವರೆಗೂ ಬೆಲ್ಲದ ಅಂಟು. ಮೊದಲ ಒಬ್ಬಟ್ಟು ಕಾವಲಿಗೆ ಬಿದ್ದಾಗ ಪದ್ಮಜಾ ಒಳಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತರು.

“ಕಲಾ ಅವರೇ, ದೇವರ ನೈವೇದ್ಯಕ್ಕೆ ತೆಗೆದಿಡ್ಬೇಡಿ. ಅದನ್ನ ನಾನು ಒಳಗೆ ಬೇರೆ ಮಾಡ್ಕೋತಿದೀನಿ. ನೀವು ಜನಕ್ಕೆ ಮಾಡಿ.”

“ದೇವ್ರು ನಂದು ತಿನ್ನಲ್ವಾ?”

“ಛೆ ಛೆ, ಹಾಗಲ್ಲ. ನಿಮಗ್ಯಾಕೆ ಎಕ್ಸ್‌ಟ್ರಾ ಕೆಲಸ ಅಂತ.”

ಅವರ ಹಿಂದಿನಿಂದ ಪದ್ಮನಾಭ ಬಂದರು. ಕೈಯಲ್ಲಿ ಪುಸ್ತಕದ ಕರಡು. ಸಂಜೆಗೆ ಅದು ಪ್ರೆಸ್ಸಿಗೆ ಹೋಗಬೇಕು. “ನಿಮ್ ಪುಟ ಪುಸ್ತಕದ ಹೈಲೈಟ್ ಆಗುತ್ತೆ ನೋಡಿ,” ಎಂದು ಅವರೇ ಓದಿದರು.

“ಶೀರ್ಷಿಕೆ, ಸಾಮರಸ್ಯದ ಸಾಕ್ಷಿ. ಹೊನ್ನಾಲದಹಳ್ಳಿಯ ಶ್ರಮಜೀವಿ ಕೃಷಿಕ ಮಹಿಳೆ ಕೆಂಪಮ್ಮನವರನ್ನು ಶಾನುಭೋಗ ನರಸಪ್ಪನವರು ಜನಗಣತಿಯಲ್ಲಿ ಆದರದಿಂದ ದಾಖಲಿಸಿದರು. ಶತಮಾನದ ನಂತರ ಆ ಎರಡೂ ಕುಟುಂಬಗಳು ಮಿಶಿಗನ್ನಿನಲ್ಲಿ ಒಂದೇ ಬಳಗವಾಗಿ ಒಬ್ಬಟ್ಟು ಸವಿಯುತ್ತಿವೆ.” ತಲೆಯೆತ್ತಿದರು. “ನಮ್ಮಿಬ್ಬರದೂ ಒಂದು ಫೋಟೋ ಬೇಕು. ನೀವು ತಟ್ಟೆ ಹಿಡ್ಕೊಂಡಿರೋ ಥರ.”

ಕಾಳಮ್ಮ ಒಬ್ಬಟ್ಟು ತಿರುವಿದಳು.

“ಸಾರ್, ಕೆಂಪಿ ಒಂದ್ ಗೇಣ್ ಹೊಲ ಕಂಡೋಳಲ್ಲ. ಸತ್ತ ದನ ಹೊತ್ತೋಳು. ರೆಕಾರ್ಡಲ್ಲೇ ಐತೆ.”

“ಇದೆ, ಇದೆ. ಆದ್ರೆ ಮಕ್ಕಳು ಓದ್ತಾರಲ್ಲ. ಪಾಸಿಟಿವ್ ಆಗಿರ್ಲಿ.”

“ಕಲ್ಲೆಲ್ಲಿ?”

“ಕಲ್ಲಿಗೆ ರೆಕಾರ್ಡ್ ಇಲ್ಲ.”

“ಆದರಕ್ಕೆ ಐತಾ?”

ಪದ್ಮನಾಭ ನಕ್ಕರು. ಕೋಪ ಮಾಡಿಕೊಳ್ಳುವ ಮನುಷ್ಯರಲ್ಲ ಅವರು. ಒಳ್ಳೆಯವರು. ಬಳಗದಲ್ಲಿ ಯಾರ ಮನೆಗೆ ಕಷ್ಟ ಬಂದರೂ ಮೊದಲು ಕಾರು ತೆಗೆಯುವವರು. “ನೋಡಿ, ಹಳೇದನ್ನ ಕೆದಕಿದ್ರೆ ಯಾರಿಗೆ ಲಾಭ? ನಮ್ಮ ಮುತ್ತಜ್ಜ ಕಲ್ಲು ಹೊಡೆದ್ರೋ ಇಲ್ವೋ, ನಾನಂತೂ ಹೊಡೀಲಿಲ್ಲ. ಹೌದೋ ಅಲ್ವೋ?”

“ಹೌದು ಸಾರ್. ನೀವು ಹೊಡೀಲಿಲ್ಲ. ಕಲ್ಲು ಎತ್ತಿಟ್ಕೊಂಡ್ರಿ.”

ಅವಳು ಒಲೆ ಆರಿಸಿದಳು. ಕಾವಲಿ ಚುರ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಯ ಮೊಳೆಯಿಂದ ಕೋಟು ತೆಗೆದಳು.

“ನಾನು ಬರೆದಂಗೆ ಹಾಕಿ. ಇಲ್ಲಾಂದ್ರೆ ಕೆಂಪಿ ಹೆಸರೇ ಬ್ಯಾಡ. ಒಬ್ಬಟ್ಟೂ ನನ್ ಕೈಯಿಂದ ಆಗಲ್ಲ.”

“ಇಷ್ಟು ಹೂರಣ ಏನ್ ಮಾಡ್ಲಿ ನಾನು?” ಎಂದರು ಪದ್ಮಜಾ. ಆ ಮಧ್ಯಾಹ್ನ ಆ ಮನೆಯಲ್ಲಿ ಯಾರಾದರೂ ನಿಜವಾಗಿ ದುಃಖಪಟ್ಟದ್ದು ಆ ಮಾತಿನಲ್ಲಿ.

ಕಾಳಮ್ಮನಿಗೆ ಡ್ರೈವಿಂಗ್ ಬಾರದು. ಮಗಳಿಗೆ ಫೋನು ಮಾಡಿ ಗ್ಯಾರೇಜಿನ ಮುಂದಿನ ಇಳಿಜಾರಿನಲ್ಲಿ ನಿಂತಳು. ಪದ್ಮನಾಭ ದೊಡ್ಡ ಬಾಗಿಲನ್ನು ಪೂರ್ತಿ ಎತ್ತಿ, ಒಳಗೆ ಬಂದು ಕೂರಿ, ಚಳಿ ಎಂದು ಎರಡು ಸಲ ಕರೆದರು. ಇಷ್ಟು ವರ್ಷದಲ್ಲಿ ಅವರು ಅವಳನ್ನು ಒಳಗೆ ಕರೆದದ್ದು ಅದೇ ಮೊದಲು. ಅವಳು ಹೋಗಲಿಲ್ಲ. ಲಾವಣ್ಯ ಆಫೀಸಿನಿಂದ ನೇರವಾಗಿ ಬಂದಳು, ಕೊರಳಲ್ಲಿ ಇನ್ನೂ ಕಂಪನಿಯ ಪಟ್ಟಿ.

“ನೀನಾದ್ರೂ ಹೇಳಮ್ಮ ನಿಮ್ಮಮ್ಮಂಗೆ,” ಎಂದರು ಪದ್ಮನಾಭ, ಕರಡು ಅವಳ ಕೈಗಿಟ್ಟು. “ನೀನು ಓದಿದೋಳು.”

ಲಾವಣ್ಯ ಪುಟ ಓದಿದಳು. ಮೂರು ಶನಿವಾರ ಜೇಡನ ಅಕ್ಷರ ಓದಿ ಅವಳ ಕಣ್ಣಿಗೆ ಅಭ್ಯಾಸವಾಗಿತ್ತು. ಬಿಟ್ಟದ್ದು ಯಾವುದು ಎಂದು ತಕ್ಷಣ ಕಂಡಿತು. ಕರಡನ್ನು ಮಡಿಸಿದಳು. ಕಾಳಮ್ಮ ಮಗಳ ಮುಖ ನೋಡದೆ ರಸ್ತೆ ನೋಡಿದಳು. ಇದರಲ್ಲಿ ಅವಳನ್ನು ಎಳೆಯಬಾರದು ಎಂದುಕೊಂಡಳು. ಮಗಳಿಗೆ ಇನ್ನೂ ಇಲ್ಲಿ ಬಾಳುವುದಿದೆ.

“ಅಂಕಲ್,” ಎಂದಳು ಲಾವಣ್ಯ. “ನಮ್ದು ಕಾಶ್ಯಪ ಗೋತ್ರ ಅಲ್ಲ. ನಾವು ಆ ಕೇರಿಯೋರೇ.”

“ಅಯ್ಯೋ, ಅದು ನಮಗೆ ಮೊದಲಿಂದ್ಲೂ ಗೊತ್ತಮ್ಮ,” ಎಂದರು ಪದ್ಮನಾಭ, ಸಮಾಧಾನ ಮಾಡುವ ದನಿಯಲ್ಲಿ. “ನೀವು ಬಂದ ವರ್ಷವೇ ಗೊತ್ತಾಯ್ತು. ಬಳಗದಲ್ಲಿ ಎಲ್ಲರಿಗೂ ಗೊತ್ತು. ಭಾನುಪ್ರಿಯಾಗೂ. ಯಾರಾದ್ರೂ ಒಂದಿನ ನಿಮಗೆ ಏನಾದ್ರೂ ಅಂದಿದೀವಾ?”

ಎಷ್ಟು ವರ್ಷ ಲಾವಣ್ಯ ಮಾತು ಮಾತಿಗೂ ಕಾವಲು ನಿಂತಿದ್ದಳು. ಊರಿನ ಹೆಸರು ನುಂಗಿದ್ದಳು, ಅಮ್ಮನ ಹೆಸರು ಕತ್ತರಿಸಿದ್ದಳು, ತಿಂದ ಊಟ ಮುಚ್ಚಿಟ್ಟಿದ್ದಳು. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕಿ ಕಾಯ್ದಿದ್ದಳು.

“ಅಂದಿಲ್ಲ ಸಾರ್,” ಎಂದಳು ಕಾಳಮ್ಮ. “ಹಂಗಾದ್ರೆ ಅದನ್ನೇ ಬರೀರಿ. ಗೊತ್ತಿತ್ತು. ಏನೂ ಅನ್ಲಿಲ್ಲ. ಗ್ಯಾರೇಜಲ್ಲಿ ಒಲೆ ಹಾಕ್ಕೊಟ್ವಿ. ಇದಕ್ಕೆ ರೆಕಾರ್ಡ್ ಐತಲ್ಲ, ನಾನೇ ಇದೀನಿ.”

ಪದ್ಮಜಾ ಒಳಬಾಗಿಲು ಮುಚ್ಚಿಕೊಂಡರು.

ಹೆದ್ದಾರಿಯಲ್ಲಿ ಮನೆಗೆ ತಿರುಗುವ ಎಕ್ಸಿಟ್ ಬಂತು. ಲಾವಣ್ಯ ಅದನ್ನು ದಾಟಿ ಸೀದಾ ಪಬ್ಲಿಕ್ ಲೈಬ್ರರಿಗೆ ಹೋದಳು. ಅಲ್ಲಿ ಕಾಳಮ್ಮ ತನ್ನ ಪುಟವನ್ನು ಮತ್ತೆ ಬರೆದಳು, ಲಾವಣ್ಯ ಅದರ ಒಂದು ಕಟ್ಟು ಪ್ರತಿ ತೆಗೆದಳು.

ಭಾನುವಾರ ಬಳಗದವರು ಬಾಡಿಗೆಗೆ ಹಿಡಿದ ಸ್ಕೂಲಿನ ಸಭಾಂಗಣದ ಮುಂದೆ ಆ ಹಾಳೆಗಳನ್ನು ಹಿಡಿದು ಇಬ್ಬರೂ ನಿಂತಿದ್ದರು. ಒಳಗೆ ‘ನಮ್ಮ ಬೇರು’ ಬಿಡುಗಡೆ. ಅದರಲ್ಲಿ ಕೆಂಪಿಯ ಪುಟ ಇರಬೇಕಾದ ಕಡೆ ಮನೆ ಮಾರಿಸುವ ಏಜೆಂಟನ ಜಾಹೀರಾತು ಬಂದಿತ್ತು. ಒಬ್ಬಟ್ಟಿನ ಜಾಗದಲ್ಲಿ ಅಂಗಡಿಯ ಲಾಡು. ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟ ಹೆಂಗಸರು ಪಾರ್ಕಿಂಗಿನಿಂದ ಓಡಿ ಬರುತ್ತಿದ್ದರು. ಬಳಗದ ಕೆಂಪು ಹಳದಿ ಶಾಲು ಹಾಕಿದ ಒಬ್ಬರು ಹೊರಗೆ ಬಂದು, ಸ್ಕೂಲಿನ ಜಾಗದಲ್ಲಿ ಏನೂ ಹಂಚುವಂತಿಲ್ಲ ಎಂದರು.

“ಎಲ್ಲಿವರ್ಗೂ ಸ್ಕೂಲಿಂದು?” ಎಂದಳು ಕಾಳಮ್ಮ.

ಅವರು ಫುಟ್‌ಪಾತನ್ನು ತೋರಿಸಿದರು. ಕಾಳಮ್ಮ ಇಳಿದು ಫುಟ್‌ಪಾತಿನ ಮೇಲೆ ನಿಂತಳು. ಲಾವಣ್ಯಳೂ ಇಳಿದಳು. ಬರುವ ಕಾರುಗಳೆಲ್ಲ ಅಲ್ಲಿ ನಿಧಾನ ಮಾಡಿಯೇ ತಿರುಗಬೇಕಿತ್ತು. ನಿಲ್ಲಲು ಅದೇ ಒಳ್ಳೆಯ ಜಾಗ ಎಂದು ಕಾಳಮ್ಮನಿಗೆ ಅನಿಸಿತು.

ಹಾಳೆಯಲ್ಲಿ ಇಷ್ಟು ಇತ್ತು.

‘ಹೆಸರು ಕೆಂಪಿ. ಊರು ಹೊನ್ನಾಲದಹಳ್ಳಿ. ಕೇರಿ ಹೊಲಗೇರಿ. ಕೆಲಸ ಸತ್ತ ದನ ಹೊರುವುದು. ಜನ ಎಣಿಸಲು ಬಂದವರು ಕೇರಿಯೊಳಗೆ ಬರಲಿಲ್ಲ. ಗಂಡಸಿಗೆ ಇಡೀ ಬೀಜ, ಹೆಂಗಸಿಗೆ ಒಡೆದ ಬೀಜ ಎಂದರು. ಕೆಂಪಿ ಇಡೀ ಬೀಜ ಹಾಕಿದಳು. ಅದಕ್ಕೆ ಶಾನುಭೋಗರು ಕಲ್ಲು ಹೊಡೆದರು. ಇದಕ್ಕೆ ಶಾಲು ಇಲ್ಲ. ನಾವು ಇದ್ದೇವೆ. ಕಾಳಮ್ಮ. ಲಾವಣ್ಯ.’

ಕೆಲವರು ಕಾರಿನ ಗಾಜು ಇಳಿಸಿ ತೆಗೆದುಕೊಂಡರು. ಕೆಲವರು ಫೋನು ನೋಡುತ್ತಾ ಹೋದರು. ಒಬ್ಬರು ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಥ್ಯಾಂಕ್ಸ್ ಎಂದರು. ಪಿಜ್ಜಾದ ಕೂಪನ್ ಅಂದುಕೊಂಡಿರಬೇಕು. ಡೋರತಿ ಚರ್ಚು ಮುಗಿಸಿ ದೊಡ್ಡ ಟೋಪಿಯಲ್ಲೇ ಬಂದು, ಕಾಳಮ್ಮನ ಕೈಯಿಂದ ಅರ್ಧ ಕಟ್ಟು ತೆಗೆದುಕೊಂಡು ಆಚೆ ಬದಿಯ ಗೇಟಿಗೆ ಹೋದಳು. ಅವಳಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ಆದರೂ ಅವಳು ಚಾಚಿದ ಹಾಳೆಯನ್ನು ಬೇಡವೆನ್ನಲು ಯಾರಿಗೂ ಧೈರ್ಯ ಬರಲಿಲ್ಲ.

ಚಳಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಲಾವಣ್ಯ ಕೈಗವಸು ಬಿಚ್ಚಿ ಜೇಬಿಗೆ ತುರುಕಿದಳು.

ಬಿಳಿ ಕಾರೊಂದು ಬಂದು ನಿಂತಿತು. ಕಿಟಕಿ ಇಳಿಯಿತು. ಭಾನುಪ್ರಿಯಾ. ಮುಡಿಯಲ್ಲಿ ಮಲ್ಲಿಗೆ, ಸ್ಟೀರಿಂಗಿನ ಮೇಲೆ ಮೆಹಂದಿಯ ಕೈ.

“ಏ ಲಾವಣ್ಯ! ಇಲ್ಯಾಕೆ ನಿಂತಿದೀಯಾ ಈ ಚಳೀಲಿ? ಏನಿದು, ಯಾರದ್ದು?”

ಕಾಳಮ್ಮ ಉತ್ತರ ಕೊಡಲು ಮುಂದೆ ಬಂದಳು. ಲಾವಣ್ಯ ಅವಳಿಗಿಂತ ಮೊದಲು ಕಾರಿನ ಹತ್ತಿರ ಹೋಗಿ ಹಾಳೆ ಚಾಚಿದಳು.

“ನಮ್ದು,” ಎಂದಳು. “ಓದು.”

ಹಿಂದಿನ ಕಾರು ಹಾರ್ನ್ ಹೊಡೆಯಿತು. ಭಾನುಪ್ರಿಯಾ ಕಾರು ಮುಂದೆ ಬಿಡದೆ ಅಲ್ಲೇ ಓದತೊಡಗಿದಳು. ಅವಳು ಕೊನೆಯ ಸಾಲಿಗೆ ಬರುವವರೆಗೂ ಲಾವಣ್ಯ ಅವಳ ಮುಖದ ಮೇಲಿನ ಕಣ್ಣು ತೆಗೆಯಲಿಲ್ಲ.